ಬಿರುಕು ಅಳೆಯುತ್ತಿದ್ದವರು

ಬಳ್ಳಾರಿಯ ನಮ್ಮ ಕಚೇರಿಯಲ್ಲಿ ಅವರ ಬೀಳ್ಕೊಡುಗೆ ಸಮಾರಂಭ ನಡೆದು ನಾಲ್ಕು ತಿಂಗಳಾಯಿತು. ಅಂದು ಏಳು ಜನ ಮಾತನಾಡಿದರು. ಏಳು ಜನವೂ ಅವರನ್ನು ‘ಸರಳ ಸಜ್ಜನ’ ಎಂದರು. ನನ್ನ ಆಕ್ಷೇಪ ಅಲ್ಲಿಂದಲೇ ಶುರು. ಸಜ್ಜನರು ಎಂಬುದನ್ನು ಒಪ್ಪುತ್ತೇನೆ. ಸರಳರು ಎಂಬುದಕ್ಕೆ ಮಾತ್ರ ಯಾರ ಬಳಿಯೂ ಪುರಾವೆ ಇಲ್ಲ. ಮೇ ತಿಂಗಳ ನಡುಮಧ್ಯಾಹ್ನ, ಉಳಿದವರೆಲ್ಲ ಫ್ಯಾನಿನ ಕೆಳಗೆ ಫೈಲು ಹಿಡಿದು ತೂಕಡಿಸುತ್ತಿದ್ದಾಗ, ತಲೆಗೆ ಒದ್ದೆ ಟವೆಲು ಸುತ್ತಿ, ಸೈಕಲ್ಲಿಗೆ ಉದ್ದನೆಯ ಕಡ್ಡಿಯೊಂದನ್ನು ಕಟ್ಟಿಕೊಂಡು ಎರೆಹೊಲದ ಬಿರುಕು ಅಳೆಯಲು ಹೋಗುವ ಮನುಷ್ಯ ಏನು ಬೇಕಾದರೂ ಆಗಿರಬಹುದು, ಸರಳ ಅಲ್ಲ.

ಆ ದಿನ ಹಾರ ಹಾಕಿಸಿಕೊಂಡು ಕೂತವರು ಎರಡು ಸಲ ಎದ್ದು ಕುರ್ಚಿಯನ್ನು ಆಚೀಚೆ ಸರಿಸಿದರು. ಮೂರನೆಯ ಸಲ ಆಮಂತ್ರಣ ಪತ್ರಿಕೆಯನ್ನೇ ಮಡಚಿ ಕುರ್ಚಿಯ ಒಂದು ಕಾಲಿನ ಕೆಳಗೆ ಇಟ್ಟರು. ಭಾಷಣಗಳ ಕಡೆ ಅವರ ಗಮನ ಹೋದದ್ದು ಆಮೇಲೆಯೇ. ‘ನೀವೂ ಎರಡು ಮಾತು ಹೇಳಬೇಕು’ ಎಂದು ಒತ್ತಾಯ ಬಂದಾಗ ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು.

‘ನೀರೆತ್ತೋ ಗಾಳಿಗೋಪುರ ನಿಲ್ಸಿ ಹದಿನೈದು ದಿನ ಆಗೇತಿ. ಇನ್ನಾ ಕಾಲಿವಿಗೆ ನೀರು ಬಿಟ್ಟಿಲ್ಲ, ಮಳಿ ಹತ್ತಿಲ್ಲ. ನೀವು ಈಗ್ಲೇ ಶಾಲು ಹೊದಿಸೀರಿ. ಅದು ಬಿತ್ತಂದ್ರ ಶಾಲು ವಾಪಸ್ ತಂದು ಕೊಡ್ತೀನಿ.’

ಅಷ್ಟು ಹೇಳಿ ಕೂತುಬಿಟ್ಟರು. ಸಭೆ ನಕ್ಕಿತು. ಅದು ತಮಾಷೆಯಲ್ಲ ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ನಾನು ಈ ಕಚೇರಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಎಂಜಿನಿಯರಿಂಗ್ ಪದವಿಯ ಜೊತೆಗೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಆರು ಕಪ್ಪುಗಳಿದ್ದವು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಎದುರಾಳಿ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನುಗ್ಗುವುದು ನಾನು ಕಲಿತ ವಿದ್ಯೆ. ಅವರಿಗೆ ಪದವಿ ಇರಲಿಲ್ಲ. ಅಳತೆಯ ಟೇಪು ಹಿಡಿಯುವ ಕೆಲಸದಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ನನ್ನ ಯಾವ ವಾದವನ್ನೂ ಅವರು ಖಂಡಿಸುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಬಸಿಗೆ ಚಹಾ ಸುರಿದುಕೊಂಡು, ‘ಆಮ್ಯಾಲ?’ ಎನ್ನುತ್ತಿದ್ದರು. ನಾನು ಇನ್ನೊಂದು ಕಾರಣ ಕೊಡುತ್ತಿದ್ದೆ. ಮತ್ತೆ ‘ಆಮ್ಯಾಲ?’ ನಾಲ್ಕನೆಯ ಸುತ್ತಿಗೆ ಬರುವಷ್ಟರಲ್ಲಿ ನನ್ನ ಬತ್ತಳಿಕೆ ಖಾಲಿಯಾಗಿ, ನನಗೇ ನನ್ನ ವಾದದ ತೂತುಗಳು ಕಾಣತೊಡಗುತ್ತಿದ್ದವು. ಆರು ಕಪ್ಪು ಗೆಲ್ಲುವಾಗ ಒಬ್ಬ ಎದುರಾಳಿಯೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ.

ಅವರ ಊರು ಕುರುಗೋಡು. ಮನೆಯ ಹಿಂದಿನ ಗೋಡೆ ಒಂದು ದೊಡ್ಡ ಬಂಡೆಯ ಮೇಲೆಯೇ ಎದ್ದಿದೆ. ಪಾಯ ಅಗೆಯುವ ಪ್ರಶ್ನೆಯೇ ಅಲ್ಲಿ ಬಂದಿರಲಿಲ್ಲ. ‘ನಾ ಕಲ್ಲಿನ ಮ್ಯಾಲೆ ಹುಟ್ಟಿದಾಂವ. ಅದಕ್ಕ ನನಗ ಮಣ್ಣಂದ್ರ ಅಂಜಿಕಿ. ನೀವು ಸಿರುಗುಪ್ಪದ ಕಡ್ಯಾಂವ್ರು ಮಣ್ಣಿನ ಮ್ಯಾಲೆ ಹುಟ್ಟೀರಿ, ನಿಮಗ ಧೈರ್ಯ ಜಾಸ್ತಿ’ ಎಂದು ಚುಚ್ಚುತ್ತಿದ್ದರು.

ಆ ಅಂಜಿಕೆಯ ಸಲಕರಣೆಯೇ ಅವರ ಕಡ್ಡಿ. ಬ್ರೂಸ್‌ಪೇಟೆಯ ಸಂದಿಯಲ್ಲಿ ಕೊಡೆ ರಿಪೇರಿ ಮಾಡುವ ಮುದುಕರೊಬ್ಬರಿಂದ ಹಳೆಯ ಕೊಡೆಗಳ ಕಡ್ಡಿಗಳನ್ನು ಒಂದಕ್ಕೊಂದು ಬೆಸೆಸಿ, ಎಂಟು ಅಡಿಯ ಬಳುಕುವ ಕೋಲು ಮಾಡಿಸಿದ್ದರು. ಅಂಗುಲಕ್ಕೊಂದು ಗೀರು. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ಬಾಯಿ ಮುಚ್ಚುತ್ತದೆ. ಇದನ್ನು ಓದಿ ನಾನೂ ಪರೀಕ್ಷೆ ಬರೆದಿದ್ದೆ. ಆದರೆ ಆ ಬಾಯಿ ಎಷ್ಟು ಆಳಕ್ಕೆ ತೆರೆಯುತ್ತದೆ ಎಂದು ಪ್ರತಿ ಬೇಸಿಗೆ, ಅದೇ ಅದೇ ಹೊಲಗಳಲ್ಲಿ ಕಡ್ಡಿ ಇಳಿಸಿ ಬರೆದಿಟ್ಟವರು ಅವರು. ಬದುವಿನ ಮೇಲೆ ನಿಂತ ರೈತರು ಕೇಳುತ್ತಿದ್ದರು:

‘ಏನ್ ಕಳ್ಕೊಂಡೀರಿ ಸಾಹೇಬ್ರ?’

‘ಕಳ್ಕೊಂಡಿಲ್ಲೋ ಮಾರಾಯಾ. ಇದು ಎಲ್ಲಿಗೆ ಮುಗಿತೈತಿ ಅಂತ ಹುಡಕಾಕತ್ತೀನಿ.’

ಹೀಗಾಗಿ ಹಳ್ಳಿಗಳಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಬಿರುಕಿನ ಸಾಹೇಬ್ರು’ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಕೊಳಗಲ್ಲಿನಲ್ಲಿ ಒಂದು ಮನೆಗೆ ನನ್ನನ್ನು ಕರೆದೊಯ್ದಿದ್ದರು. ಗೋಡೆಯಲ್ಲಿ ಸೂರಿನಿಂದ ನೆಲದವರೆಗೆ ಬಿರುಕು. ಮನೆಯ ಯಜಮಾನ ಅದರಲ್ಲಿ ಬೀಡಿ, ಬೆಂಕಿಪೊಟ್ಟಣ ಇಟ್ಟುಕೊಂಡಿದ್ದ. ‘ಬ್ಯಾಸಿಗ್ಯಾಗ ಭಾಳ ಅನುಕೂಲ್ರಿ’ ಎಂದು ಅವನು ಹೆಮ್ಮೆಯಿಂದ ತೋರಿಸಿದ. ‘ಮಳಿಗಾಲ ಬಂದ್ರ ಮುಚ್ಕೊಂತೈತಿ. ಹೋದ್ವರ್ಸ ನಮ್ಮಾಕಿ ಹಣಗಿ ಒಳಗ ಸಿಕ್ಕೊಂಡು, ದೀಪಾವಳಿ ಮುಗದ್ ಮ್ಯಾಲೆ ಕೈಗೆ ಬಂತು.’ ನಾನು ನಕ್ಕೆ. ಇವರು ನಗಲಿಲ್ಲ. ಹಣಿಗೆ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿತ್ತು ಎಂದು ಕೇಳಿ ಬರೆದುಕೊಂಡರು.

ಅವರ ಎಲ್ಲ ನಂಬಿಕೆಗಳೂ ಪುರಾವೆಯ ಮೇಲೆ ನಿಂತಿದ್ದವು ಎಂದು ಹೇಳಿದರೆ ಅದೂ ಬೀಳ್ಕೊಡುಗೆ ಭಾಷಣವೇ ಆದೀತು. ಹುಣ್ಣಿಮೆಯ ದಿನ ಹಾಕಿದ ಕಾಂಕ್ರೀಟು ಗಟ್ಟಿ ಎಂದು ಹಟ ಹಿಡಿಯುತ್ತಿದ್ದರು. ಚಂದ್ರನಿಗೂ ಸಿಮೆಂಟಿಗೂ ಏನು ಸಂಬಂಧ ಎಂದು ನಾನು ಒಂದು ಗಂಟೆ ವಾದಿಸಿದೆ. ಕೊನೆಗೆ ಹೇಳಿದರು: ‘ಚಂದ್ರಂದು ನನಗೂ ಗೊತ್ತಿಲ್ಲ. ಹುಣ್ಣಿವಿ ದಿನ ನಮ್ಮ ಮೇಸ್ತ್ರಿಗಳು ಕುಡಿಯಂಗಿಲ್ಲ, ಅಷ್ಟು ಗೊತ್ತೈತಿ.’

ಇನ್ನು ಗೋಪುರದ ವಿಷಯ. ಸಿರುಗುಪ್ಪದ ಆಚೆ, ದೇಶನೂರಿನ ಹತ್ತಿರ ಒಂದು ಪುಟ್ಟ ಊರು. ಸುತ್ತಲೂ ಭತ್ತದ ಗದ್ದೆ, ಕಾಲುವೆಯ ನೀರು, ಆದರೆ ಊರೊಳಗಿನ ಬಾವಿಗಳೆಲ್ಲ ಸವುಳು. ಸಿಹಿನೀರಿನ ಬಾವಿ ಒಂದೇ, ಅದೂ ಅರ್ಧ ಮೈಲಿ ದೂರದ ತಗ್ಗುಗದ್ದೆಯಲ್ಲಿ. ಹೆಂಗಸರು ಅಲ್ಲಿಂದ ಹಗ್ಗ ಜಗ್ಗಿ, ಕೊಡ ಹೊತ್ತು ತರಬೇಕು. ಬಾವಿಯ ಪಕ್ಕ ನಾಲ್ಕು ಕಾಲಿನ ಕಬ್ಬಿಣದ ಗೋಪುರ ನಿಲ್ಲಿಸಿ, ತುದಿಯಲ್ಲಿ ಗಾಳಿಗೆ ತಿರುಗುವ ದೊಡ್ಡ ಚಕ್ರ ಕೂರಿಸಿ, ಅದರಿಂದ ನೀರೆತ್ತಿ ಕೊಳವೆಯಲ್ಲಿ ಊರಿಗೆ ಹರಿಸುವುದು ಯೋಜನೆ. ಪಾಯದ ವಿನ್ಯಾಸ ನನ್ನ ಪಾಲಿಗೆ ಬಂತು.

ನಾನು ಏಪ್ರಿಲ್ಲಿನಲ್ಲಿ ಹೋಗಿ ಮಣ್ಣು ನೋಡಿದೆ. ಗುದ್ದಲಿ ಟಣ್ ಎಂದು ಪುಟಿಯಿತು. ಎರಡು ಅಡಿ ಅಗೆಯುವಷ್ಟರಲ್ಲಿ ಆಳುಗಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಅಲ್ಲಿಗೆ ನಿಲ್ಲಿಸಿ, ವರದಿಯಲ್ಲಿ ‘ಗಟ್ಟಿ ಮಣ್ಣು, ಮುಂದೆಯೂ ಇದೇ’ ಎಂದು ಬರೆದೆ. ನಾಲ್ಕೂವರೆ ಅಡಿ ಆಳದ ನಾಲ್ಕು ಚೌಕ ಕಾಂಕ್ರೀಟು ದಿಮ್ಮಿಗಳು ಸಾಕು ಎಂದು ನಕ್ಷೆ ತೆಗೆದೆ. ಮೇಲಧಿಕಾರಿಯ ಮಂಜೂರಾತಿಯೂ ಬಂತು. ಬಿರುಕಿನ ಸಾಹೇಬ್ರು ನಕ್ಷೆ, ವರದಿ ಎರಡನ್ನೂ ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ವರದಿಯ ‘ಮುಂದೆಯೂ ಇದೇ’ ಎಂಬ ಎರಡು ಪದಗಳ ಕೆಳಗೆ ಪೆನ್ಸಿಲ್ಲಿನ ಗೆರೆ ಇತ್ತು. ಬೇರೆಲ್ಲೂ ಒಂದು ಚುಕ್ಕೆಯೂ ಇರಲಿಲ್ಲ.

‘ಲೆಕ್ಕದಲ್ಲಿ ತಪ್ಪಿದೆಯಾ?’ ಎಂದೆ.

‘ಲೆಕ್ಕ ಬರಾಬರಿ ಐತಿ. ಮಣ್ಣು ಎಲ್ಲಿ ತಗದ್ರಿ?’

‘ಬಾವಿಯ ಹತ್ತಿರ. ನಲವತ್ತು ಹೆಜ್ಜೆ ಈಚೆ.’

‘ನಿಮಗ ಕುಂದ್ರಾಕ ಹೊರಸು ಹಾಕಿದ್ರು. ಮಜ್ಜಿಗಿ ಕೊಟ್ರು. ಅಲ್ಲೇ ಅಗಿಸಿದ್ರಿ. ಹೌದಲ್ಲೋ?’

ಹೌದು. ಆದರೆ ಅವರಿಗೆ ಹೇಗೆ ಗೊತ್ತು? ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸಿಗೆ ಬರ್ರಿ ಎಂದರು.

ಊರಿಗೆ ಹೋದರೆ ಮತ್ತೆ ಅದೇ ಜಾಗ, ಅದೇ ಹೊರಸು. ಹೊಲದೊಡತಿ ಎಪ್ಪತ್ತರ ಮುದುಕಿ, ಮಜ್ಜಿಗೆ ತಂದಳು. ಆಕೆಯ ತವರು ಆಂಧ್ರದ ಕಡೆಯದು. ಕಿರಿಯರನ್ನೆಲ್ಲ ‘ನಾಯನಾ’ ಎನ್ನುತ್ತಿದ್ದಳು. ಇವರು ಆಕೆಯನ್ನು ಕೇಳಿದರು:

‘ಅವ್ವಾ, ಈ ಜಾಗಾ ಯಾಕ ಇಷ್ಟು ಗಟ್ಟಿ ಐತಿ, ಈ ಎಂಜಿನಿಯರ್‌ಗೆ ಹೇಳು.’

‘ಗಟ್ಟಿ ಇರದೇನು? ಇದು ಕಣ ನಾಯನಾ! ನಮ್ಮ ಮಾವನ ಮಾವ ಒಕ್ಕಲಿ ಮಾಡಿದ್ ಕಣ. ವರ್ಸಾ ನೀರು ಹೊಡದು, ಸಗಣಿ ಸಾರ್ಸಿ, ಎತ್ತು ತುಳ್ಸಿ ತುಳ್ಸಿ ಕಲ್ಲಾಗೇತಿ. ಬಂದ ದೊಡ್ಡಮನುಷರ‍್ನ ಕೆಸರಾಗ ಕುಂದ್ರಸಾಕ ಆಗತೈತೇನು? ಇಲ್ಲೇ ಹೊರಸು ಹಾಕ್ತೀವಿ.’ ಆಮೇಲೆ ಇವರ ಕಡೆ ತಿರುಗಿ, ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ‘ಇವ್ರೂ ಆವಾಗ ಇಲ್ಲೇ ಕುಂತು, ಮಜ್ಜಿಗಿ ಕುಡದು, ಇಲ್ಲೇ ಅಗದಿದ್ರಲಾ!’

ನಾನು ಅವರ ಮುಖ ನೋಡಿದೆ. ಅವರೂ ನಗುತ್ತಿದ್ದರು, ಆದರೆ ಬಹಳ ಹೊತ್ತು ಅಲ್ಲ.

ಅರವತ್ತರ ದಶಕದ ಕೊನೆಗೆ ಇದೇ ಬಾವಿಗೆ ಒಂದು ಗಾಳಿಯಂತ್ರ ಬಂದಿತ್ತಂತೆ. ಪಾಯ ಹಾಕಿಸಿದವರು ಇವರು. ಇದೇ ಕಣದಲ್ಲಿ ಗುದ್ದಲಿ ಪುಟಿದದ್ದನ್ನು ನೋಡಿ, ನಲವತ್ತು ಹೆಜ್ಜೆ ಆಚೆಯ ತಗ್ಗಿನಲ್ಲಿ ನನ್ನಂಥದೇ ದಿಮ್ಮಿಗಳನ್ನು ಹುಗಿಸಿದ್ದರು. ಮೊದಲ ಆಷಾಢದ ಗಾಳಿಗೆ ಯಂತ್ರ ಮಗ್ಗುಲಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಊರಿಗೆ ಇನ್ನೊಂದು ಯಂತ್ರ ಸಿಗಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ವರ್ಷಗಳ ಬೇಸಿಗೆಗಳಲ್ಲಿ ಅವರು ಕಡ್ಡಿ ಹಿಡಿದು ತಿರುಗಿದರು.

ಮುದುಕಿ ನಗು ನಿಲ್ಲಿಸಿ ಹೇಳಿದಳು: ‘ಒಂದ್ಸಲ ಬಿತ್ತು. ಇನ್ನೊಂದ್ಸಲ ಬಿದ್ರ ಮೂರ‍್ನೇದು ಯಾರೂ ಕೊಡಂಗಿಲ್ಲ ನಾಯನಾ. ನನ್ನ ಸೊಸಿಗೂ ಇದಾ ಹಗ್ಗ, ಮೊಮ್ಮಗಳಿಗೂ ಇದಾ ಹಗ್ಗ.’

ಸೋಲನ್ನು ಅಷ್ಟು ಬೇಗ ಒಪ್ಪುವುದು ನನ್ನ ಜಾಯಮಾನವಲ್ಲ. ಕಣದ ಮಣ್ಣು ತಗ್ಗಿನ ಮಣ್ಣಲ್ಲ, ಒಪ್ಪಿದೆ. ಹಾಗಾದರೆ ದಿಮ್ಮಿಗಳನ್ನು ಅಗಲ ಮಾಡೋಣ, ಭಾರ ಹರಡುತ್ತದೆ, ಮುಳುಗುವುದಿಲ್ಲ ಎಂದು ವಾದ ಹೂಡಿದೆ. ಅವರು ‘ಆಮ್ಯಾಲ?’ ಎನ್ನಲಿಲ್ಲ. ಮುದುಕಿಯ ಮನೆಯಿಂದ ಒಂದು ಎತ್ತರದ ಸ್ಟೂಲು ತರಿಸಿ, ಬಾವಿಯ ನೀರು ಚೆಲ್ಲಿ ಕೆಸರಾದ ಕಡೆ ಇಟ್ಟರು.

‘ಹತ್ರಿ.’

ಹತ್ತಿ ನಿಂತೆ. ಸ್ಟೂಲು ಎರಡು ಬೆರಳು ಇಳಿದು ನಿಂತಿತು. ‘ನೋಡಿ, ಮುಳುಗಲಿಲ್ಲ’ ಎಂದೆ. ಅವರು ಬಂದು ನನ್ನ ಭುಜಕ್ಕೆ ಅಂಗೈಯಿಟ್ಟು ಮೆತ್ತಗೆ ದೂಡಿದರು. ಆ ಕಡೆಯ ಕಾಲುಗಳು ಇಳಿಯಲಿಲ್ಲ, ಈ ಕಡೆಯ ಕಾಲುಗಳು ‘ಪಚಕ್’ ಎಂದು ಕೆಸರಿನಿಂದ ಕಿತ್ತು ಬಂದವು. ನಾನು ಪ್ಯಾಂಟಿನ ಸಮೇತ ಕೆಸರಿನಲ್ಲಿ ಕೂತೆ. ಬದುವಿನ ಮೇಲೆ ಸಾಲಾಗಿ ಕೊಡ ಇಟ್ಟುಕೊಂಡು ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳು, ‘ಅಯ್ಯ, ಎಂಜಿನಿಯರ‍್ದಾ ಪಾಯ ಹೋತು!’ ಎಂದಳು.

‘ಆ ಸದ್ದು ಕೇಳಿದ್ರೇನು?’ ಎಂದು ಕೈಕೊಟ್ಟು ಎಬ್ಬಿಸುತ್ತ ಕೇಳಿದರು. ‘ಮನಿ ಮಣ್ಣನ್ನ ಒತ್ತತೈತಿ. ನಾವು ಓದಿದ್ದೆಲ್ಲಾ ಒತ್ತೋದು. ಗಾಳಿಗೋಪುರ ಕೀಳ್ತೈತಿ. ಗಾಳಿ ತಲಿಗೆ ಹೊಡದ್ರ ಹಿಂದಿನ ಕಾಲು ಮ್ಯಾಲೆ ಬರ‍್ತೈತಿ. ಮ್ಯಾಗಿನ ಎರಿ ಉಬ್ಬಿ ಅದನ್ನ ಹಿಡದು ಇನ್ನಾ ಎತ್ತತೈತಿ. ಮುಳುಗೋದರ ಚಿಂತಿ ಬಿಡ್ರಿ. ಎದ್ದು ಬರದಂಗ ಏನು ಮಾಡ್ತೀರಿ, ಅದನ್ನ ಹೇಳ್ರಿ.’

ಉತ್ತರ ಅವರ ಟಿಪ್ಪಣಿ ಪುಸ್ತಕದಲ್ಲೇ ಇತ್ತು. ಇಷ್ಟು ಬೇಸಿಗೆಗಳಲ್ಲಿ ಆ ತಗ್ಗಿನ ಬಿರುಕು ಆರೂವರೆ ಅಡಿಗಿಂತ ಕೆಳಗೆ ಇಳಿದಿರಲಿಲ್ಲ. ಅದರ ಕೆಳಗಿನ ಮಣ್ಣು ಬೇಸಿಗೆಯನ್ನೂ ಕಂಡಿಲ್ಲ, ಮಳೆಗಾಲವನ್ನೂ ಕಂಡಿಲ್ಲ. ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಲ್ಲಿಗೆ, ಹನ್ನೆರಡು ಅಡಿ ಆಳಕ್ಕೆ ಕಿರಿದಾದ ಗುಂಡಿ ಕೊರೆದು, ತಳದಲ್ಲಿ ಮಾತ್ರ ಅಗಲ ಮಾಡಿ ಕಾಂಕ್ರೀಟು ತುಂಬಬೇಕು. ಕಂಬದ ಬುಡ ಉಳ್ಳಾಗಡ್ಡಿಯ ಹಾಗೆ ಉಬ್ಬಿ ಕೂರುತ್ತದೆ; ಕೀಳಬೇಕಾದರೆ ತನ್ನ ಮೇಲಿನ ಮಣ್ಣನ್ನೆಲ್ಲ ಎತ್ತಬೇಕು. ಮೇಲಿನ ಆರೇಳು ಅಡಿಗೆ ಡಾಂಬರು ಬಳಿದ ಗೋಣಿ ಸುತ್ತಿ, ಉಬ್ಬುವ ಮಣ್ಣು ಕಂಬವನ್ನು ಹಿಡಿಯದೆ ಜಾರುವ ಹಾಗೆ ಮಾಡಬೇಕು. ಇಂಥ ಕಂಬಗಳು ಬೇರೆ ಕಡೆ ಬಂದು ಎಷ್ಟೋ ಕಾಲವಾಗಿದೆ, ಪುಸ್ತಕದಲ್ಲೂ ಇವೆ. ಎಷ್ಟು ಆಳ ಎಂಬುದು ಮಾತ್ರ ಆ ಹೊಲಕ್ಕೆ ಕೊಡೆಯ ಕಡ್ಡಿ ಇಳಿಸಿದವರಿಗಷ್ಟೇ ಗೊತ್ತಿತ್ತು.

ತೊಡಕು ಬೇರೆ ಇತ್ತು. ಮಂಜೂರಾದ ನಕ್ಷೆ ಬದಲಾಗಬೇಕಾದರೆ ಮೊದಲಿನದು ತಪ್ಪು ಎಂದು ಯಾರಾದರೂ ಬರೆದು ಸಹಿ ಮಾಡಬೇಕು. ಕಾಲುವೆಗೆ ನೀರು ಬಂದರೆ ತಗ್ಗಿನಲ್ಲಿ ಗುಂಡಿ ಕೊರೆಯುವಂತಿಲ್ಲ. ಉಳಿದದ್ದು ಐದಾರು ವಾರ. ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಅವರೇ ಅಂದರು:

‘ನಾನಾ ಬರೀತೀನಿ. ಮಣ್ಣು ನಾ ಸರಿಯಾಗಿ ನೋಡ್ಲಿಲ್ಲ ಅಂತ. ಜೂನ್ ಮುಗದ್ರ ಮನಿಗೆ ಹೋಗಾಂವ, ನನಗೇನು ಮಾಡ್ತಾರ? ತಪ್ಪು ಬರ‍್ಯೋದು ರೂಢಿ ಐತಿ ನನಗ.’

‘ಅದು ಸುಳ್ಳಾಗುತ್ತದೆ’ ಎಂದೆ.

‘ಆಮ್ಯಾಲ?’

‘ತಪ್ಪು ನನ್ನದು.’

‘ಆಮ್ಯಾಲ?’

ಅಂದು ಸಂಜೆ ನಾನೇ ಬರೆದೆ: ಪರೀಕ್ಷೆಯ ಗುಂಡಿಯನ್ನು ಕಣದಲ್ಲಿ ತೆಗೆದದ್ದು ನನ್ನ ತಪ್ಪು, ಎರಡು ಅಡಿಗೆ ನಿಲ್ಲಿಸಿ ‘ಮುಂದೆಯೂ ಇದೇ’ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ಮೇಲಧಿಕಾರಿ ಓದಿ, ಕನ್ನಡಕದ ಮೇಲಿಂದ ನೋಡಿ, ‘ಡಿಬೇಟಿನಲ್ಲಿ ಹೀಗೇ ಮಾತಾಡ್ತಿದ್ಯೇನಯ್ಯಾ?’ ಎಂದರು. ಸಹಿ ಹಾಕಿದರು.

ಕಂಬಗಳನ್ನು ಹಾಕಿ ಬಲಿಯಲು ಬಿಟ್ಟೆವು. ಮೊದಲ ಕಂಬಕ್ಕೆ ಕಾಂಕ್ರೀಟು ಹಾಕಿದ್ದು ಹುಣ್ಣಿಮೆಯ ದಿನ. ಗೋಪುರ ನಿಲ್ಲಿಸುವ ಮೊದಲು ಅವರು ಊರಿಗೆಲ್ಲ ಹೇಳಿಕಳಿಸಿದರು: ಬಂದು ಈ ಕಂಬ ಕಿತ್ತು ನೋಡ್ರಿ. ಉದ್ದನೆಯ ತೊಲೆಯೊಂದನ್ನು ಕಲ್ಲಿನ ಮೇಲೆ ಅಡ್ಡ ಇಟ್ಟು, ಗಿಡ್ಡ ತುದಿಗೆ ಕಂಬವನ್ನು ಸರಪಳಿಯಿಂದ ಕಟ್ಟಿ, ಉದ್ದ ತುದಿಯ ಮೇಲೆ ಜನರನ್ನು ಕೂರಿಸುವುದು. ಕಂಬಕ್ಕೆ ಒಂದು ಸೂಜಿ ಕಟ್ಟಿ, ಅದರ ಮೊನೆಗೆ ಸರಿಯಾಗಿ ದೂರದ ಎರಡು ಗೂಟಗಳ ನಡುವೆ ದಾರ ಬಿಗಿದಿದ್ದರು. ನಾನು ನೆಲಕ್ಕೆ ಮಲಗಿ ಸೂಜಿ ನೋಡುತ್ತಿದ್ದೆ.

‘ಇನ್ನೊಬ್ಬ ಹತ್ರಿ! ಲೇ, ನೀ ಬಾರಲೇ, ಹೊಟ್ಟಿ ಇದ್ದಾಂವ!’

ಒಬ್ಬರ ಹಿಂದೊಬ್ಬರು ಹತ್ತಿದರು. ತೊಲೆ ಕಿರುಗುಟ್ಟಿತು. ಕೊನೆಗೆ ಮುದುಕಿ ಸೆರಗು ಸಿಕ್ಕಿಸಿಕೊಂಡು ಬಂದಳು. ‘ನಾನೂ ಕುಂದರ‍್ತೀನಿ. ಮೊದಲ್ನೇದು ಬಿದ್ದಾಗ ನಾ ನೋಡೀನಿ. ಇದು ಬೀಳೋದಾದ್ರ ಈಗ್ಲೇ, ನನ್ನ ಮುಂದ ಬೀಳ್ಲಿ.’ ಆಕೆಯನ್ನೂ ಎತ್ತಿ ಕೂರಿಸಿದರು. ಅವಳು ಕೂತಾಗ ಯಾರೂ ನಗಲಿಲ್ಲ.

ಸೂಜಿ ದಾರದಿಂದ ಒಂದು ಕೂದಲೆಳೆಯಷ್ಟು ಮೇಲೆ ಸರಿಯಿತು. ನಿಂತಿತು. ಜನ ಇಳಿದ ಮೇಲೆ ಮತ್ತೆ ದಾರಕ್ಕೆ ಬಂದು ಕೂತಿತು.

‘ಅಲುಗಾಡಲಿಲ್ಲ!’ ಎಂದು ನಾನು ಎದ್ದೆ.

‘ಹಂಗ ಬರೀಬ್ಯಾಡ್ರಿ’ ಎಂದರು. ‘ಅಲುಗಾಡಿತು, ವಾಪಸ್ ಬಂತು ಅಂತ ಬರೀರಿ.’

ಗೋಪುರ ನಿಂತಿತು. ಅವರು ನಾಲ್ಕೂ ಕಂಬಗಳ ಮೇಲೆ ಒಣನೆಲದ ಮಟ್ಟಕ್ಕೆ ಸರಿಯಾಗಿ ಒಂದು ಕೆಂಪು ಗೆರೆ ಎಳೆಸಿದರು. ಹದಿನೈದು ದಿನಕ್ಕೆ ಆ ಶಾಲು, ಆ ಏಳು ಭಾಷಣ. ಮರುದಿನ ಮನೆಯ ಸಾಮಾನು ಹೊತ್ತ ಲಾರಿಯಲ್ಲಿ ಕುರುಗೋಡಿಗೆ ಹೋಗುವಾಗ ಕೊಡೆಯ ಕಡ್ಡಿಯನ್ನು ನನ್ನ ಮೇಜಿನ ಹಿಂದೆ ಒರಗಿಸಿ ಹೋಗಿದ್ದರು. ಚೀಟಿ ಏನೂ ಇರಲಿಲ್ಲ.

ಕಾಲುವೆಗೆ ನೀರು ಬಂತು. ಆಷಾಢದ ಗಾಳಿ ಬಳ್ಳಾರಿಯಲ್ಲೇ ನಮ್ಮ ಕಚೇರಿಯ ತಗಡು ಹಾರಿಸಿತು. ಕೆಲಸದ ನೆವದಲ್ಲಿ ನಾನು ಆ ಕಡೆ ಹೋಗುವುದನ್ನು ಮುಂದೂಡುತ್ತಿದ್ದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಮಳೆ ಚೆನ್ನಾಗಿ ಹಿಡಿದ ಮೇಲೆ ಸೆಪ್ಟೆಂಬರಿನಲ್ಲಿ ಹೋದೆ. ದೂರದಿಂದಲೇ ಚಕ್ರ ತಿರುಗುವುದು ಕಂಡಿತು. ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು ಬುಡ ನೋಡಿದೆ. ಕೆಂಪು ಗೆರೆ ಕಾಣಲಿಲ್ಲ. ನಾಲ್ಕೂ ಕಂಬಗಳಲ್ಲಿ ಗೆರೆ ಮಣ್ಣಿನೊಳಗೆ ಹೋಗಿತ್ತು. ಗೋಪುರ ಕುಸಿದಿದೆ ಎಂದುಕೊಂಡೆ.

ಕೊಳವೆಗೆ ನೀರು ಬಿಡುವ ಹೊಸ ತೊಟ್ಟಿಯ ಕಡೆಯಿಂದ ಮುದುಕಿಯ ಸೊಸೆ ಬಂದು ನಿಂತಳು. ‘ಏನ್ ಹುಡುಕ್ತೀರಿ?’

‘ಗೆರೆ.’

‘ಎರಿ ಉಬ್ಬೇತಲ್ರಿ’ ಎಂದಳು, ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. ‘ಕಣದ ಕಟ್ಟೀನೂ ಎದ್ದೇತಿ, ಬದೂನೂ ಎದ್ದೇತಿ. ನಿಮ್ಮ ಕಂಬಾನಾ ಎದ್ದಿಲ್ಲ.’

ಬೆರಳಿನಿಂದ ಮಣ್ಣು ಕೆದರಿದೆ. ಎರಡು ಬೆರಳು ಕೆಳಗೆ ಕೆಂಪು ಗೆರೆ ಇತ್ತು. ದೂರದ ಸೇತುವೆಯ ಕಲ್ಲಿನಲ್ಲಿ ಗೋಪುರ ನಿಂತಾಗ ಬಿರುಕಿನ ಸಾಹೇಬ್ರು ಕೊರೆಸಿದ್ದ ಗುರುತಿಗೆ ಮಟ್ಟ ಹಿಡಿದು ನೋಡಿದೆ: ನಾಲ್ಕೂ ಕಾಲುಗಳು ಜೂನಿನಲ್ಲಿ ಎಲ್ಲಿದ್ದವೋ ಅಲ್ಲೇ ಇದ್ದವು. ಅವುಗಳ ಸುತ್ತಲಿನ ಹೊಲವೇ ಎದ್ದು ನಿಂತಿತ್ತು.

ಆಚೆ ಕಣದಲ್ಲಿ ಮುದುಕಿ ಹೊರಸಿನ ಮೇಲೆ ಕೂತಿದ್ದಳು. ಬಾವಿಯ ಹಗ್ಗವನ್ನು ಬಿಚ್ಚಿ ಎಮ್ಮೆಗೆ ಹೊಸ ಕಣ್ಣಿ ಹೊಸೆಯುತ್ತಿದ್ದಳು.

ಕುರುಗೋಡಿಗೆ ಒಂದು ಉದ್ದನೆಯ ಕಾಗದ ಬರೆದೆ. ಗೋಪುರ ನಿಂತಿದೆ, ನಿಮ್ಮ ಶಾಲು ನಿಮ್ಮದೇ, ಇನ್ನು ಚಿಂತೆಯಿಲ್ಲ ಎಂದೆಲ್ಲ. ವಾರದೊಳಗೆ ಒಂದು ಕಾರ್ಡು ಬಂತು. ಪೆನ್ಸಿಲ್ಲಿನ ಅಕ್ಷರ:

‘ಕಾಗದ ಓದಿ ಸಂತೋಷಾತು. ಒಂದು ಮಳಿಗಾಲ ಆತು. ಮುಂದೆಯೂ ಇದೇ ಅಂತ ಬರೀಬ್ಯಾಡ್ರಿ. ಬ್ಯಾಸಿಗ್ಯಾಗ ಕಡ್ಡಿ ತಗೊಂಡು ಹೋಗ್ರಿ. ತಲಿಗೆ ಒದ್ದಿ ಟವೆಲ್ ಮರೀಬ್ಯಾಡ್ರಿ.’

ಇದಕ್ಕೆ ಪ್ರತಿವಾದ ಹುಡುಕಿದೆ. ಟವೆಲು ಕೊಂಡಿದ್ದೇನೆ.